ಕೋಪದ ತಲೆಗೆ ಕಟ್ಟಿದ ಬಿಪಿ

ಊರಿನ ಅರ್ಧ ಜನಕ್ಕೆ ಕಾರು ಕಲಿಸಿದವಳು ಡ್ರೈವಿಂಗ್ ಮೇಡಂ. ಬಾಯಿ ಜೋರು, ನಿಜ. ಕಲಿಯುವವನು ಕನ್ನಡಿ ನೋಡದೆ ತಿರುಗಿಸಿದರೆ ತನ್ನ ಕಾಲಡಿಯ ಬ್ರೇಕ್ ಒತ್ತಿ, ಏಳು ಜನ್ಮಕ್ಕೆ ಸಾಕಾಗುವಷ್ಟು ಬೈಯುತ್ತಿದ್ದಳು. ಬೈಸಿಕೊಂಡವರೇ ಆಮೇಲೆ ತಮ್ಮ ಮಕ್ಕಳನ್ನೂ ಅವಳ ಹತ್ತಿರ ಕಳಿಸುತ್ತಿದ್ದರು.

ಮೂವತ್ತೈದಕ್ಕೇ ಬಿಪಿ ಬಂತು. ಕಾರಣ ಎಲ್ಲರಿಗೂ ರೆಡಿಯಾಗಿ ಸಿಕ್ಕಿತು: ಕೋಪ. ಹಳೇ ಡಾಕ್ಟರು ಒಂದು ಮಾತ್ರೆಯನ್ನು ಮೂರು ಮಾಡಿ, "ಸಮಾಧಾನವಾಗಿರಮ್ಮ" ಅಂದು ಕೈ ತೊಳೆದುಕೊಂಡರು. ಗಂಡ ಮನೆಗೊಂದು ಬಿಪಿ ಮಿಷನ್ ತಂದ. ಅದೇ ಅವಳ ಬಾಯಿಗೆ ಬೀಗವಾಯಿತು. ಅವಳು ಸ್ವಲ್ಪ ದನಿ ಏರಿಸಿದರೆ ಸಾಕು, ತೋಳಿಗೆ ಪಟ್ಟಿ ಸುತ್ತಿ, "ನೋಡು, ನೂರೆಪ್ಪತ್ತು. ಸುಮ್ನಿರು" ಅನ್ನುತ್ತಿದ್ದ. ಕೊನೆಗೆ, "ನಿನ್ನ ಒಳ್ಳೇದಕ್ಕೇ" ಅಂತ, ಅವಳೇ ದುಡಿದು ಕೊಂಡ ಕಾರನ್ನೂ ಡ್ರೈವಿಂಗ್ ಸ್ಕೂಲನ್ನೂ ತನ್ನ ಅಣ್ಣನ ಕೈಗೆ ಒಪ್ಪಿಸಿದ. ಎಂಥಾ ಒಳ್ಳೇದೋ, ದೇವರೇ ಬಲ್ಲ. ಅವಳು ಹಲ್ಲು ಕಚ್ಚಿಕೊಂಡು ಮನೆಯಲ್ಲಿ ಕೂತಳು, ಬಿಪಿ ಮಾತ್ರ ಜಪ್ಪಯ್ಯ ಅಂದರೂ ಇಳಿಯಲಿಲ್ಲ.

ಕಾಲು ಹಿಡಿದುಕೊಳ್ಳುತ್ತೆ ಅಂತ ಹೊಸ ಡಾಕ್ಟರಮ್ಮನ ಹತ್ತಿರ ಹೋದಾಗ, ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆ ಬಂತು. ಈ ಬಿಪಿಗೆ ಬೇರೇನೋ ಕಾರಣ ಇದೆ ಅಂತ ಡಾಕ್ಟರಮ್ಮನಿಗೆ ಅನುಮಾನ ಬಂದು, ಮೊದಲು ಪೊಟ್ಯಾಸಿಯಂ ಸರಿಮಾಡಿದರು. ಮುಂದಿನ ಹಾರ್ಮೋನು ಪರೀಕ್ಷೆಯ ಲೆಕ್ಕ ಕೆಡಿಸುವ ಬಿಪಿ ಮಾತ್ರೆಗಳನ್ನು ಕೆಲವು ವಾರ ಬದಲಿಸಿದರು. ಆಮೇಲೆ ಒಂದು ಬೆಳಿಗ್ಗೆ ಲ್ಯಾಬಿನಲ್ಲಿ ಕೂರಿಸಿ ರಕ್ತ ತೆಗೆಸಿದರು.

ರಿಪೋರ್ಟ್ ಬಂದ ದಿನ ಗಂಡನೂ ಜೊತೆಗಿದ್ದ.

"ನಿಮ್ಮ ಕಿಡ್ನಿ ಮೇಲಿರೋ ಗ್ರಂಥಿ ಒಂದು ಹಾರ್ಮೋನನ್ನ ಬೇಕಾಬಿಟ್ಟಿ ಸುರೀತಿದೆ," ಅಂದರು ಡಾಕ್ಟರಮ್ಮ. "ಅದಕ್ಕೆ ಅಪ್ಪಣೆ ಕೊಡೋ ಕಿಡ್ನಿಯ ಹಾರ್ಮೋನು ತಳ ಮುಟ್ಟಿದೆ, ಆದ್ರೂ ಇದು ನಿಂತಿಲ್ಲ. ಮೈಯಲ್ಲಿ ಉಪ್ಪು ಉಳಿಯುತ್ತೆ, ಬಿಪಿ ಏರುತ್ತೆ. ಇನ್ನೊಂದು ಪರೀಕ್ಷೆ, ಸ್ಕ್ಯಾನ್ ಮಾಡಿ ಖಚಿತ ಮಾಡ್ಕೊಳ್ಳೋಣ. ಇದಕ್ಕೆ ಬೇರೆ ಚಿಕಿತ್ಸೆ ಇದೆ. ಕೋಪದಿಂದ ಬಂದಿದ್ದಲ್ಲ ಇದು."

ಗಂಡ ನಿರಾಳವಾಗಿ ನಕ್ಕ. "ಗ್ರಂಥಿ ಕೆಲಸವಾ? ಹಾಗಾದ್ರೆ ಅದು ಸರಿಹೋದ್ರೆ ಇವಳ ಕೋಪಾನೂ ಹೋಗುತ್ತೆ ಬಿಡಿ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ನುಂಗಿಕೊಂಡಿದ್ದೆಲ್ಲ ಗಂಟಲಿಗೆ ಬಂತು.

"ರೀ, ಬಿಪಿ ಗ್ರಂಥಿದು. ಕೋಪ ನನ್ನದು. ನಿಮ್ಮ ಮೇಲೆ, ನಿಮ್ಮಣ್ಣನ ಮೇಲೆ. ಅವರಿಗೆ ಫೋನ್ ಮಾಡಿ, ಕಾರಿನ ಕೀ ತಂದುಕೊಡೋಕೆ ಹೇಳಿ."

"ಮನೆಗೆ ಹೋಗಿ ಮಾತಾಡೋಣ ಕಣೆ."

"ಇಲ್ಲೇ ಮಾಡಿ."

ಗಂಡ ಡಾಕ್ಟರಮ್ಮನ ಕಡೆ ತಿರುಗಿದ. "ನೋಡಿ ಮೇಡಂ, ಹೀಗೆ ಕೂಗಾಡಿದ್ರೆ ಬಿಪಿ ಏರಲ್ವಾ?"

"ಏರಿದ್ರೆ ನಾನು ನೋಡ್ಕೋತೀನಿ," ಅಂದರು ಡಾಕ್ಟರಮ್ಮ. "ನೀವು ಫೋನ್ ಮಾಡಿ."