ಕರ್ನಲಮ್ಮನ ಬಾಡಿಗೆ ಮನೆ

ಕೊಡಗಿನ ಮೂರ್ನಾಡಿಗೆ ಬಂದ ಮೊದಲ ವಾರ ಈರುಳ್ಳಿ ತರಲು ಅಂಗಡಿಗೆ ಹೋಗಿದ್ದೆ. ಅಲ್ಲಿ ನಿಂತಿದ್ದ ಹೆಂಗಸರು ನನ್ನನ್ನು ಕಂಡು ಹಿಂದೆ ಸರಿದು ದಾರಿ ಬಿಟ್ಟರು. ಬೆಂಚಿನ ಮೇಲಿದ್ದ ಬಿಳಿ ಮೀಸೆಯ ಮುದುಕರೊಬ್ಬರು ಕಷ್ಟಪಟ್ಟು ಎದ್ದು, ಹರಕು ಸ್ವೆಟರಿನಲ್ಲೇ ನೆಟ್ಟಗೆ ನಿಂತು ನನಗೆ ಸಲ್ಯೂಟ್ ಹೊಡೆದರು. ಮೀಟರು ನೋಡುವವನು ಬಂದರೂ ಬಾಗಿಲ ಹಿಂದೆ ನಿಲ್ಲುವ ಹೆಂಗಸು ನಾನು. ಕೈಚೀಲ ಅಲ್ಲೇ ಬಿತ್ತು.

"ಕರ್ನಲಮ್ಮಂಗೆ ಮೊದ್ಲು ಕೊಡಪ್ಪ," ಎಂದರು ಮುದುಕರು ಅಂಗಡಿಯವನಿಗೆ. "ಹವಾಲ್ದಾರರ ಮನೆಯವ್ರು ಕಾಯ್ತಾರೆ. ಅಲ್ವಾಮ್ಮ?"

ಹವಾಲ್ದಾರರ ಮನೆಯವರು ನನಗಿಂತ ತುಂಬ ಹಿರಿಯರು. ಹೌದೆಂದು ತಲೆಯಾಡಿಸಿದರು.

ಹಾಸನದ ಕಡೆಯ ನನ್ನ ಹಳ್ಳಿಯಲ್ಲಿ ಗಟ್ಟಿಯಾಗಿ ಕೂಗಿದವನಿಗೆ ಮೊದಲು ಸಾಮಾನು ಸಿಗುತ್ತದೆ. ಅದೂ ನ್ಯಾಯವಲ್ಲ, ಆದರೆ ಗಂಟಲಾದರೂ ಅವರವರದೇ. ಇಲ್ಲಿ ಸೈನ್ಯ ಬಿಟ್ಟು ಎಷ್ಟೋ ವರ್ಷವಾದವರೂ ಹುದ್ದೆಯನ್ನು ಮೈಮೇಲಿಂದ ಇಳಿಸುವುದಿಲ್ಲ. ಹೆಂಡತಿಯ ಹೆಗಲಿಗೂ ಒಂದು ನಕ್ಷತ್ರ ಅಂಟಿಸುತ್ತಾರೆ. ಮದುವೆಯೂಟದಲ್ಲೂ ಮೇಜರರ ಪಕ್ಕ ಮೇಜರರು, ಸುಬೇದಾರರ ಪಕ್ಕ ಸುಬೇದಾರರು. ಮನೆಗೆ ಬಂದು ನಮ್ಮ ಯಜಮಾನರಿಗೆ, ಅಂದರೆ ನಿಮ್ಮಜ್ಜನಿಗೆ, ಈ ಸಲ್ಯೂಟಿನ ಸಂಗತಿ ಹೇಳಿದರೆ, ಅವರು ಪತ್ರಿಕೆಯಿಂದ ತಲೆಯೆತ್ತದೆ, "ಆ ಮುದುಕರ ಮಂಡಿ ಹೇಗಿದೆ? ಹಿಡಿದುಕೊಳ್ಳದೆ ಎದ್ದರಾ?" ಎಂದು ಕೇಳಿದರು. ನಲವತ್ತು ವರ್ಷದ ಸಂಸಾರ ಇದೇ ಧಾಟಿಯಲ್ಲಿ ನಡೆಯಿತು.

ಮಕ್ಕಳೇ, ಅಜ್ಜನ ಮನೆಯವರ ಎಸ್ಟೇಟಿನ ಚಿತ್ರವನ್ನು ಮೊಬೈಲಿನಲ್ಲಿ ನೋಡಿ, "ಅಷ್ಟು ದೊಡ್ಡ ತೋಟ ಇದ್ದೂ ನೀನ್ಯಾಕಜ್ಜಿ ಬಾಡಿಗೆ ಮನೇಲಿದ್ದೀ?" ಎಂದು ಹುಬ್ಬಳ್ಳಿಯಿಂದ ಫೋನಿನಲ್ಲಿ ಕೇಳಿದಿರಿ. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ. ನಮ್ಮೂರ ಶಾಲೆಯ ಮೇಷ್ಟರು ಏಳನೆಯ ತರಗತಿಯವರೆಗೆ ಅಕ್ಷರ ಕಲಿಸಿದರು, ಧೈರ್ಯ ಕಲಿಸಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮಜ್ಜ ಸೈನ್ಯದ ಡಾಕ್ಟರು. ಪಂಜಾಬು, ಅಸ್ಸಾಮು, ರಾಜಸ್ಥಾನ ಎಂದು ಕಂಟೋನ್ಮೆಂಟಿನಿಂದ ಕಂಟೋನ್ಮೆಂಟಿಗೆ, ಅಂದರೆ ಸೈನ್ಯದವರು ತಮಗೇ ಕಟ್ಟಿಕೊಂಡ ಊರುಗಳಿಗೆ, ನಮ್ಮ ಪೆಟ್ಟಿಗೆಗಳು ಅಲೆದವು. ಎಲ್ಲ ಕಡೆ ಒಂದೇ ಬಣ್ಣದ ಗೋಡೆ, ಗೋಡೆಯಲ್ಲಿ ಹಿಂದಿನವರು ಹೊಡೆದ ಮೊಳೆಯ ತೂತು. ನುಗ್ಗೆ ನೆಟ್ಟರೆ ಕಾಯಿ ಬಿಡುವ ಹೊತ್ತಿಗೆ ವರ್ಗ. ಆಫೀಸರುಗಳ ಹೆಂಡಿರು ತಿಂಗಳಿಗೊಮ್ಮೆ ಸೇರಿ, ಸಿಪಾಯಿಗಳ ಹೆಂಡಿರಿಗೆ ಮಗು ಸಾಕುವುದನ್ನು ಕಲಿಸುತ್ತಿದ್ದರು. ಆ ಹೊತ್ತಿನಲ್ಲಿ ಕಲಿಸುವವರ ಮಕ್ಕಳನ್ನು ಆಯಾಗಳು ಸಾಕುತ್ತಿದ್ದರು. ನಾನು ಹಿಂದಿನ ಸಾಲಿನಲ್ಲಿ ಕೂತು ಬಿಸ್ಕತ್ತು ತಿಂದು ಬರುತ್ತಿದ್ದೆ. ಬಿಸ್ಕತ್ತು ಚೆನ್ನಾಗಿರುತ್ತಿತ್ತು.

ಅಲ್ಲಿ ನಿಮ್ಮಜ್ಜ ಇಟ್ಟುಕೊಂಡಿದ್ದ ಒಂದು ಕಟ್ಟಳೆ ನಿಮಗೆ ತಿಳಿದಿರಬೇಕು. ಸಿಪಾಯಿಗಳ ಅಡುಗೆಮನೆಗೆ ಲಂಗರ್ ಎನ್ನುತ್ತಾರೆ. ಊಟಕ್ಕೆ ಮುಂಚೆ ಅಜ್ಜ ಅಲ್ಲಿಗೆ ಹೋಗುವರು. ಮೊದಲು ಅಡುಗೆಯವನು ಒಂದು ತುತ್ತು ತಿನ್ನಬೇಕು, ಆಮೇಲೆ ಡಾಕ್ಟರು, ಆಮೇಲೆ ಸಿಪಾಯಿಗಳು. ಅಡುಗೆಯವನು ತುತ್ತೆತ್ತಲು ತಡಮಾಡಿದರೆ ಹಂಡೆ ಮಗುಚಿ ಚೆಲ್ಲಿಸುತ್ತಿದ್ದರು. ಇಷ್ಟು ನಾಲಿಗೆಯ ಮನುಷ್ಯ ಮನೆಯಲ್ಲಿ ಉಪ್ಪಿಲ್ಲದ ಸಾರನ್ನೂ ಸೊಲ್ಲೆತ್ತದೆ ಉಂಡು ಏಳುತ್ತಿದ್ದರು. ಮರುದಿನ ಕೇಳಿದರೆ ಏನು ಉಂಡೆನೆಂಬುದೇ ಅವರಿಗೆ ನೆನಪಿರುತ್ತಿರಲಿಲ್ಲ.

ಕರ್ನಲ್ ಆಗಿ ನಿವೃತ್ತರಾದ ಮೇಲೆ ಸರ್ಕಾರ ಅವರನ್ನು ಜಿಲ್ಲೆಯ ಆರೋಗ್ಯ ಯೋಜನೆಯೊಂದಕ್ಕೆ ಮುಖ್ಯಸ್ಥರಾಗಿ ಕರೆಯಿತು. ಕಚೇರಿ ಮಡಿಕೇರಿಯಲ್ಲಿ. ಮೂರ್ನಾಡಿನ ಈ ಮನೆ ಹಿಡಿದದ್ದು ಒಂದು ಮಳೆಗಾಲದ ಮಟ್ಟಿಗೆ. ಯಾಕೆಂದರೆ ನಮಗೆ ಸ್ವಂತ ಮನೆ ಏಳುವುದಿತ್ತು. ಭಾಗಮಂಡಲದ ಆಚೆ, ಕರಿಕೆಯ ದಾರಿಯಲ್ಲಿ, ಅಜ್ಜನ ಅಣ್ಣ ಬೆಳ್ಯಪ್ಪ ಭಾವ ಮನೆತನದ ತೋಟ ನೋಡಿಕೊಳ್ಳುತ್ತಿದ್ದರು. ಆಸ್ತಿ ಅವರ ಹೆಸರಿನಲ್ಲೇ ಇತ್ತು. ಒಂದು ದಿನ ನನ್ನನ್ನು ಇಳಿಜಾರಿನ ಒಂದು ಸಮತಟ್ಟು ಜಾಗಕ್ಕೆ ಕರೆದೊಯ್ದು ಹೇಳಿದರು: "ಇಲ್ಲೇ ಕಟ್ಟಿ. ನೀರ್ ಉಟ್ಟು, ಬೊಳ್ಪು ಉಟ್ಟು. ಇನ್ನೆಂಥ ಬೇಕು?"

ಇದು ಅರೆಭಾಷೆ, ಆ ಮನೆಯ ಮಾತು. ಉಟ್ಟು ಎಂದರೆ ಇದೆ, ಬೊಳ್ಪು ಎಂದರೆ ಬೆಳಕು. ನನಗೆ ಮಾತಿಗಿಂತ ಮಣ್ಣು ಹಿಡಿಸಿತು. ಕಪ್ಪಗೆ, ಒದ್ದೆಯಾಗಿ, ಹಿಡಿದರೆ ಉಂಡೆಯಾಗುವ ಮಣ್ಣು. ಹಾಸನದ ನಮ್ಮ ಕೆಂಪು ಮಣ್ಣನ್ನು ಬೇಸಗೆಯಲ್ಲಿ ಕುಟ್ಟಿದರೆ ಹಾರೆ ಹಿಂದಕ್ಕೆ ನೆಗೆಯುತ್ತದೆ. ಅಡುಗೆಮನೆ ಬರುವ ಕಡೆ ನಾಲ್ಕು ಬಿದಿರ ಗೂಟ ಹೊಡೆದು ಬಂದೆ. ಆ ಮನೆಯ ಹೆಂಗಸರು ನಕ್ಕರು. "ಬಯಲುಸೀಮೆಯವ್ರಿಗೆ ಒಲೆ ಮೊದ್ಲು, ಮನೆ ಆಮೇಲೆ," ಎಂದರು. ಅವರು ನನ್ನನ್ನು ಮುದ್ದೆ ನುಂಗುವವಳೆಂದೇ ಲೆಕ್ಕ ಹಿಡಿದಿದ್ದರು. ನಾನು ಅವರನ್ನು ಯಾವ ಲೆಕ್ಕಕ್ಕೂ ಹಿಡಿದಿರಲಿಲ್ಲ. ನನಗೆ ಬೇಕಿದ್ದದ್ದು ಮೊಳೆ ಹೊಡೆಯಲು ನನ್ನದೇ ಒಂದು ಗೋಡೆ.

ಗುದ್ದಲಿ ಪೂಜೆಯ ದಿನ ಬಂತು. ಕಾಫಿ ಹಣ್ಣಿನ ಪಿಕ್ಕಿಂಗ್, ಅಂದರೆ ಕೊಯ್ಲು, ಭರದಿಂದ ನಡೆದಿತ್ತು. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ ಹಗಲೆಲ್ಲ ಓಡುತ್ತಿತ್ತು, ಅದರ ಹುಳಿನೀರಿನ ನಾತ ಅಂಗಳದವರೆಗೆ ಬರುತ್ತಿತ್ತು. ನೆಂಟರು ಸೇರಿದ್ದರು. ತಟ್ಟೆಯಲ್ಲಿ ಅರಿಶಿನ ಕುಂಕುಮ ಹಿಡಿದು ನಾನು ನಿಂತಿದ್ದೆ. ಅಜ್ಜ ಕಾಣಲಿಲ್ಲ. ಲೈನಿಗೆ ಹೋಗಿದ್ದಾರೆ ಎಂದರು ಯಾರೋ. ಲೈನೆಂದರೆ ಕೂಲಿಯವರ ಸಾಲುಮನೆ. ಅಲ್ಲಿಯ ಇಬ್ಬರು ಮಕ್ಕಳು ವಾಂತಿಭೇದಿಯಾಗಿ ಮಡಿಕೇರಿ ಆಸ್ಪತ್ರೆ ಸೇರಿದ್ದು ಅವರ ಕಿವಿಗೆ ಬಿದ್ದಿತ್ತು. ಭಾವ ಕರೆತರಲು ಹೋದರು, ತಟ್ಟೆ ಹಿಡಿದುಕೊಂಡೇ ನಾನೂ ಹಿಂದೆ ಹೋದೆ.

ಅಜ್ಜ ಲೈನಿನ ನಲ್ಲಿಯ ಮುಂದೆ ಕೂತು, ಒಬ್ಬ ಹೆಂಗಸಿನ ಕೈಯಲ್ಲಿ ಒಂದು ಲೋಟ ನೀರು ಹಿಡಿಸುತ್ತಿದ್ದರು. ಅವಳು ಮೆಲ್ಲಗೆ, "ಅದ್ ಬೇಡ ಸಾರ್. ನಿಮ್ಗೆ ಬಂಗ್ಲೆಯಿಂದ ತರ್ಸ್ತೀನಿ," ಎಂದಳು.

"ನೀವು ಕುಡಿಯೋದು ಇದೇ ಅಲ್ವಾ?"

"ನಮ್ಗೆ ಬೇರೆ ಎಲ್ಲಿದೆ ಸಾರ್?"

ತೊರೆಯ ಮೇಲುಭಾಗಕ್ಕೆ ಪಲ್ಪರಿನ ನೀರು ಬಿಡುತ್ತಿದ್ದರು; ಕೆಳಭಾಗದಿಂದ ಲೈನಿನ ತೊಟ್ಟಿ ತುಂಬುತ್ತಿತ್ತು. ಇದನ್ನು ಕಂಡುಹಿಡಿಯಲು ಕರ್ನಲ್ ಬೇಕಿರಲಿಲ್ಲ, ಮೂಗು ಸಾಕಿತ್ತು. ಭಾವನ ಬಂಗಲೆಗೆ ಮಾತ್ರ ನೀರು ಬರುತ್ತಿದ್ದದ್ದು ಪಲ್ಪರಿನ ಇನ್ನೂ ಮೇಲಿದ್ದ ಬುಗ್ಗೆಯಿಂದ.

"ಕೆಲಸದವು ದಿನಾ ಕುಡ್ದವೆ," ಎಂದರು ಭಾವ. "ಇದುವರೆಗೆ ಎಂಥದೂ ಆತ್ಲೆ." ಕೆಲಸದವರು ದಿನಾ ಕುಡಿಯುತ್ತಾರೆ, ಏನೂ ಆಗಿಲ್ಲ ಎಂದು.

ಅಜ್ಜ ಲೋಟವನ್ನು ಅಣ್ಣನ ಕಡೆ ಹಿಡಿದರು. "ಹಂಗಾರೆ ಒಂದ್ ಗುಟ್ಕ್ ಕುಡಿ ಅಣ್ಣ. ನೀ ಮೊದ್ಲು, ಆಮೇಲೆ ನಾನ್."

ಭಾವ ಲೋಟ ನೋಡಿದರು, ತಮ್ಮನನ್ನು ನೋಡಿದರು, ಲೈನಿನ ಬಾಗಿಲುಗಳಲ್ಲಿ ನಿಂತಿದ್ದ ಜನರನ್ನು ನೋಡಿದರು. ಕೈ ಚಾಚಲಿಲ್ಲ. ಅಜ್ಜ ನೀರನ್ನು ಅಲ್ಲೇ ಚೆಲ್ಲಿದರು. ಲೈನಿಗೆ ಬೇರೆ ನೀರು ಕೊಡುವವರೆಗೆ ಪಲ್ಪರ್ ಓಡಬಾರದೆಂದು, ಮೊಣಕಾಲ ಮೇಲೆ ಕಾಗದ ಇಟ್ಟು ಬರೆದುಕೊಟ್ಟರು. ಬೇಗ ಸುಲಿಯದಿದ್ದರೆ ಕೆಟ್ಟುಹೋಗುವ ಹಣ್ಣು ಕೊಯ್ದು ರಾಶಿ ಬಿದ್ದಿದ್ದ ಹೊತ್ತು ಅದು.

ಭಾವ ಅಂಗಳಕ್ಕೆ ಬಂದು, ಪುರೋಹಿತರಿಗಲ್ಲ, ಆಳಿಗೆ ಹೇಳಿದರು: "ಗುದ್ದಲಿ ಒಳಗೆ ಮಡ್ಗಿ. ಇಂದ್ ಪೂಜೆ ಇಲ್ಲೆ."

ಇಂದು ಎಂದರೆ ಇನ್ನೆಂದಿಗೂ ಎಂದು ನನಗೆ ಅಲ್ಲೇ ಗೊತ್ತಾಯಿತು. ಜೀಪಿನಲ್ಲಿ ಅಜ್ಜನಿಗೆ, "ನಾಳೆ ಹೇಳಬಹುದಿತ್ತಲ್ಲ?" ಎಂದೆ. ಮದುವೆಯಾದಂದಿನಿಂದ ಅವರ ಕೆಲಸದ ಬಗ್ಗೆ ನಾನು ಆಡಿದ ಮೊದಲ ಮಾತು.

"ಬೇಳೆ ಹಳಸಿದೆ ಅಂತ ಊಟ ಆದ ಮೇಲೆ ಹೇಳ್ತಾರಾ?" ಎಂದರು. ಮನೆಯ ಬಗ್ಗೆ ಒಂದು ಮಾತಿಲ್ಲ. ಭಾವನ ಮೇಲೆ ನನಗೆ ಹೇಸಿಗೆಯಾಗಿತ್ತು, ನಿಜ. ಆದರೆ ಆ ಲೈನಿನ ಪ್ರತಿ ತೊಟ್ಟಿಯ ಆಳ ತಿಳಿದುಕೊಂಡ ಈ ಮನುಷ್ಯನಿಗೆ ತನ್ನ ಹೆಂಡತಿ ಗೂಟ ಹೊಡೆದದ್ದು ಎಲ್ಲಿ ಎಂಬುದು ಗೊತ್ತಿರಲಿಲ್ಲ.

ಒಂದು ವಾರದಲ್ಲಿ ಲೈನಿಗೆ ಬುಗ್ಗೆಯ ನೀರು ಬಂತು. ಪಲ್ಪರ್ ಓಡಿತು. ನಮ್ಮನ್ನು ಮಾತ್ರ ಮತ್ತೆ ಯಾವ ಹುತ್ತರಿಯ, ಅಂದರೆ ಹೊಸ ಫಸಲಿನ ಹಬ್ಬದ, ಊಟಕ್ಕೂ ಕರೆಯಲಿಲ್ಲ.

ಲೋಟದ ಕತೆ ಜಿಲ್ಲೆಯೆಲ್ಲ ಹಬ್ಬಿತು. ಅಜ್ಜ ಹೋದಲ್ಲೆಲ್ಲ ಅದೇ ಪರೀಕ್ಷೆ. ಎಸ್ಟೇಟಿನ ರೈಟರುಗಳು ಬಹಳ ಬೇಗ ಕಲಿತರು. ರೈಟರೆಂದರೆ ಕತೆ ಬರೆಯುವವರಲ್ಲ, ತೋಟದ ಗುಮಾಸ್ತರು. ಆದರೆ ಕತೆ ಕಟ್ಟುವುದರಲ್ಲಿ ಕಡಿಮೆಯಿಲ್ಲ. ಸಾಹೇಬರು ಬರುವ ದಿನ ನಲ್ಲಿ ಕೆಟ್ಟಿದೆ ಎನ್ನುವರು, ಇಲ್ಲವೆ ಕುದಿಸಿ ಆರಿಸಿದ ನೀರನ್ನು ತೊಟ್ಟಿಗೆ ಸುರಿದಿಡುವರು. ಅದಕ್ಕೆ ಅಜ್ಜ ಹೇಳದೆ ಹೋಗತೊಡಗಿದರು. ಹೀಗೆ ನಡೆದು ನಡೆದು ಸರ್ಕಾರದ ಕಣ್ಣಿಗೆ ದೊಡ್ಡವರಾದರು. ಇಡೀ ರಾಜ್ಯದ ಕುಡಿಯುವ ನೀರು, ಚುಚ್ಚುಮದ್ದುಗಳ ಹೊಣೆ ಹೊತ್ತು ಬೆಂಗಳೂರಿನ ಕುರ್ಚಿಯಲ್ಲಿ ಕೂತರು. ಸಭೆಗಳಲ್ಲಿ ಅವರನ್ನು ಹೊಗಳುತ್ತಿದ್ದವರ ಮುಂದೆ ಸೀಲು ಒಡೆಯದ ಬಾಟಲಿ ನೀರು ಇರುತ್ತಿತ್ತು. ಟಿ.ವಿ.ಯಲ್ಲಿ ನಾನು ಮಾತು ಕೇಳುತ್ತಿರಲಿಲ್ಲ, ಬಾಟಲಿಗಳನ್ನು ನೋಡುತ್ತಿದ್ದೆ.

ನಾನು ಮೂರ್ನಾಡಿನಲ್ಲೇ ಉಳಿದೆ. ರಾಜ್ಯಕ್ಕೆ ನೀರು ಕೊಡುವವರ ಮನೆಯ ಬಾವಿ ಏಪ್ರಿಲಿನಲ್ಲಿ ಬತ್ತುತ್ತಿತ್ತು. ಪಕ್ಕದ ಮನೆಯಿಂದ ಕೊಡ ಹೊತ್ತು ತರುತ್ತಿದ್ದೆ. ಅಜ್ಜನಿಗೆ ಹೇಳಿದರೆ, "ಕುದಿಸಿ ಕುಡಿ," ಎನ್ನುವರು. ನಮ್ಮೂರಲ್ಲಿ ಮಳೆ ನೆಂಟರ ಹಾಗೆ ಬಂದು ಹೋಗುತ್ತದೆ, ಇಲ್ಲಿ ಅತ್ತೆಯ ಹಾಗೆ ಬಂದು ಕೂರುತ್ತದೆ. ಬಟ್ಟೆಗೆ ಬೂಷ್ಟು, ಕಾಲಿಗೆ ರಕ್ತ ಹೀರುವ ಇಂಬಳ. ಮಾತನಾಡಲು ಜನವಿಲ್ಲದೆ ರೇಡಿಯೋದವರಿಗೆ ಉತ್ತರ ಕೊಡುವುದನ್ನು ಕಲಿತೆ. ಅಕ್ಕಿತರಿಯನ್ನು ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿ ಮಾಡುವ ಕಡಂಬುಟ್ಟು ಮೊದಮೊದಲು ಗೋಡೆಗೆ ಎಸೆದರೆ ಗೋಡೆ ಒಡೆಯುವಂತಿತ್ತು. ಅದನ್ನು ಮೃದು ಮಾಡುವ ಹದ ಕಲಿಸಿದವರು ಅದೇ ಹವಾಲ್ದಾರರ ಮನೆಯವರು. ಒಂದು ದಿನ ಅಂಗಡಿಯಲ್ಲಿ ನಾನು, "ಅವರಿಗೆ ಮೊದಲು ಕೊಡಿ," ಎಂದು ಎಲ್ಲರಿಗೂ ಕೇಳುವಂತೆ ಅಂದೆ. ಅಷ್ಟು ಅನ್ನಲು ನನಗೆ ವರ್ಷಗಳೇ ಹಿಡಿದವು. ಆ ದಿನ ರೇಡಿಯೋಗೂ ಹೇಳಿದೆ.

ಕೊನೆಗೊಂದು ದಿನ ಅಜ್ಜ ಹೋಗಿಬಿಟ್ಟರು. ಹೂವಿನ ದೊಡ್ಡ ಚಕ್ರ ಹೊತ್ತು ಭಾವನ ಮಗ ಕಿರಣ ಬಂದ. ಭಾವ ಅಷ್ಟರಲ್ಲಿ ತೀರಿಕೊಂಡಿದ್ದರು. ಬದುಕಿದ್ದಾಗ ಒಂದು ಲೋಟ ನೀರು ಕುಡಿಯದ ಮನೆಯವರು, ಸತ್ತ ಮೇಲೆ ಶೋಕಸಭೆಯ ಮೈಕಿನ ಮುಂದೆ ಕಣ್ಣೀರು ಕುಡಿದರು.

ಕಳೆದ ವಾರ ಅವನು ಮತ್ತೆ ಬಂದ. "ಚಿಕ್ಕಮ್ಮ, ನಿಮ್ಮ ಜಾಗ ಹಂಗೇ ಉಟ್ಟು. ಅಪ್ಪ ಆಗ ಕೋಪಲಿ ಹೇಳ್ದ್. ಮನೆ ನಾನೇ ಕಟ್ಟಿ ಕೊಡ್ತೆ, ಬನ್ನಿ ನೋಡಿಕೆ," ಎಂದು ಜೀಪು ಹತ್ತಿಸಿದ. ಹೋದೆ. ನಿಮ್ಮ ಮೊಬೈಲಿನಲ್ಲಿ ಬಂದ ಚಿತ್ರದ್ದೇ ಜಾಗ. ಲೈನನ್ನು ಹೋಮ್‌ಸ್ಟೇ ಮಾಡಿದ್ದಾನೆ. ಕೂಲಿಯವರು ಏಳು ಜನ ಮಲಗುತ್ತಿದ್ದ ಕೋಣೆಯಲ್ಲಿ ಈಗ ಬೆಂಗಳೂರಿನ ಗಂಡಹೆಂಡಿರು ಮಲಗಿ, ಹಳೆಯ ಕಾಲದ ಗೋಡೆ ಎಂದು ಫೋಟೋ ತೆಗೆದುಕೊಳ್ಳುತ್ತಾರೆ.

"ಕೆಲಸದವರು ಎಲ್ಲಿ?" ಎಂದೆ.

"ಹಿಂದೆ ಶೀಟಿನ ಮನೆ ಮಾಡಿಕೊಟ್ಟೊಳೆ. ಗೆಸ್ಟುಗಳಿಗೆ ಕಾಣದ ಹಂಗೆ." ಹಿಂಭಾಗದಲ್ಲಿ ಮಾಡಿಕೊಟ್ಟಿದ್ದೇನೆ ಎಂದು.

ನಡುಮನೆಯಲ್ಲಿ ಒಂದು ಗೋಡೆ ಖಾಲಿ ಬಿಟ್ಟಿದ್ದ, ಮೇಲೆ ದೀಪ ಹಾಕಿಸಿದ್ದ. "ಇಲ್ಲಿ ಚಿಕ್ಕಪ್ಪನ ಯೂನಿಫಾರಂ, ಮೆಡಲು, ಆ ನೀರಿನ ಲೋಟದ ಸ್ಟೋರಿ. ನಮ್ಮ ಎಸ್ಟೇಟಿಂದಲೇ ಶುರುವಾದ್ದ್ ಅಂತ ಬರ್ಸ್ನೆ. ಬರೀ ಕಾಫಿ ತೋರ್ಸಿರೆ ಜನ ಬಾಲೆ ಚಿಕ್ಕಮ್ಮ." ಬಾಲೆ ಎಂದರೆ ಬರುವುದಿಲ್ಲ.

"ಯಾರು ಲೋಟ ಮುಟ್ಟಲಿಲ್ಲ ಅಂತಲೂ ಬರೆಸ್ತೀಯಾ?"

ಅವನು ನಕ್ಕ. "ಅದೆಲ್ಲ ಎಂತಕೆ ಈಗ? ಹಳೇದ್."

ಆಮೇಲೆ ಜಾಗ ತೋರಿಸಿದ. ಗೂಟಗಳು ಎಂದೋ ಮಣ್ಣಾಗಿವೆ. ಮಣ್ಣು ಮಾತ್ರ ಹಾಗೇ ಇತ್ತು. ಬಗ್ಗಿ ಒಂದು ಹಿಡಿ ತೆಗೆದೆ. ಈ ವಯಸ್ಸಿನಲ್ಲೂ ಅಡುಗೆಮನೆಯ ಕಿಟಕಿ ಯಾವ ದಿಕ್ಕಿಗೆಂದು ಯೋಚನೆ ಬಂತು. ಮಕ್ಕಳೇ, ಸುಳ್ಳು ಹೇಳುವುದಿಲ್ಲ, ಆ ಜಾಗ ನನಗೆ ಬೇಕಾಗಿತ್ತು. ಆದರೆ ಕಿಟಕಿ ಯಾವ ಕಡೆ ಇಟ್ಟರೂ ಆ ಶೀಟಿನ ಮನೆಗಳೇ ಕಾಣುತ್ತಿದ್ದವು. ಗೋಡೆಯ ಮೇಲೆ ಅಜ್ಜ ಮೆಡಲು ಹಾಕಿಕೊಂಡು ಅವಕ್ಕೆ ಕಾವಲು ನಿಲ್ಲಬೇಕಿತ್ತು.

"ಬೇಡಪ್ಪ," ಎಂದೆ.

"ಯೂನಿಫಾರಂ ಬೇಡವಾ, ಮನೆ ಬೇಡವಾ?"

"ಎರಡೂ."

ಅವನು ನನ್ನನ್ನು ಮೂರ್ನಾಡಿನಲ್ಲಿ ಇಳಿಸಿ ಜೀಪು ತಿರುಗಿಸಿಕೊಂಡು ಹೋದ.

ಮೊನ್ನೆ ತಮ್ಮನ ಮನೆಗೆಂದು ಹಾಸನದ ಹಳ್ಳಿಗೆ ಹೋಗಿದ್ದೆ. ಹುಟ್ಟಿದ ಮನೆಯಲ್ಲಿ ನನಗೆ ಚಾಪೆ ಹಾಸಿ ಕೂರಿಸಿ, ಅರ್ಧ ಮುದ್ದೆ ಬಡಿಸಿದರು. "ಕೊಡಗಿನೋರಿಗೆ ಇದು ಸೇರ್ತದೋ ಇಲ್ವೋ," ಎಂದಳು ತಮ್ಮನ ಸೊಸೆ. ಅಂಗಳ ಒಣಗಿತ್ತು, ಕಣ್ಣು ಉರಿಯುವಷ್ಟು ಬಿಸಿಲು. ಮಳೆಯ ಸದ್ದಿಲ್ಲದೆ ಮಧ್ಯಾಹ್ನ ನಿದ್ದೆಯೂ ಬರಲಿಲ್ಲ.

ತಮ್ಮ ಎಲೆಅಡಿಕೆ ಹಾಕಿಕೊಳ್ಳುತ್ತ ಅಂದ: "ಅಲ್ಲ ಕಣಕ್ಕ, ಅಷ್ಟು ವರ್ಷ ಅಲ್ಲೇ ಜೀವ ತೇದೆ, ನಿಂಗೊಂದು ಗುಂಟೆ ಜಾಗ ಕೊಡ್ನಿಲ್ವಲ್ಲ. ಎಂಥಾ ಕಟುಕ ಜನ ಅವ್ರು."

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಇದಕ್ಕಿಂತ ಹರಿತವಾದದ್ದನ್ನು ನಾನೇ ಇಲ್ಲಿ ನಿಮಗೆ ಬರೆದಿದ್ದೇನೆ. ಆದರೂ ಮೈ ಉರಿಯಿತು.

"ಯಾರು ಹೇಳಿದ್ದು ನಿಂಗೆ?" ಎಂದೆ. "ಕೊಟ್ಟರು. ಒಳ್ಳೆ ಜಾಗ, ಕಪ್ಪು ಮಣ್ಣು. ನಾನೇ ಬೇಡ ಅಂದೆ."

"ಯಾಕೆ?"

"ನಂಗೆ ಮೂರ್ನಾಡಲ್ಲಿ ಮನೆ ಇದೆ," ಎಂದು, ಸಂಜೆಯ ಬಸ್ಸಿಗೆ ಚೀಲ ಜೋಡಿಸಿಕೊಂಡೆ.