ನಾನು ಕಾಣದ ಇಂಜಿನ್ನು

ಕೆಲವರಿಗೆ ಕಾಶಿ ನೋಡುವ ಆಸೆ, ಕೆಲವರಿಗೆ ಕಡಲು. ನನಗೆ ಇಂಜಿನ್ನಿನ ಒಳಗನ್ನು ನೋಡುವ ಆಸೆ. ನಗಬೇಡಿ, ಅರವತ್ತರ ದಶಕದಲ್ಲಿ ಹಾಸನದ ಕಾಲೇಜಿನಲ್ಲಿ ಫಿಸಿಕ್ಸ್ ಓದಿದ ಹುಡುಗಿಗೆ ಇದಕ್ಕಿಂತ ದುಬಾರಿ ಆಸೆ ಇನ್ನೊಂದಿರಲಿಲ್ಲ.

ಉಗಿ, ಪೆಟ್ರೋಲು, ಡೀಸೆಲ್ಲು ಮೂರೂ ಇಂಜಿನ್ನುಗಳನ್ನು ಮೇಷ್ಟ್ರು ಬಣ್ಣದ ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದರು. ಪೆಟ್ರೋಲಿಗೆ ಕಿಡಿ ಬೇಕು, ಡೀಸೆಲ್ಲಿಗೆ ಬೇಡ. ಗಾಳಿಯನ್ನು ಬಲವಾಗಿ ಅದುಮಿದರೆ ಅದೇ ಕಾದು ಎಣ್ಣೆ ಹೊತ್ತಿಸುತ್ತದೆ ಎಂದಾಗ ನನಗೆ ಮೈ ಜುಮ್ಮೆಂದಿತು. ಆಗ ಹುಡುಗಿಯರು ಮೇಷ್ಟ್ರ ಹಿಂದೆ ಕ್ಲಾಸಿಗೆ ಬಂದು, ಮೇಷ್ಟ್ರ ಹಿಂದೆಯೇ ಹೊರಟುಬಿಡಬೇಕು. ನಡುವೆ ಪ್ರಶ್ನೆ ಕೇಳುವ ಪದ್ಧತಿ ಇರಲಿಲ್ಲ. ಹುಡುಗರನ್ನು ಅಕ್ಕಿ ಗಿರಣಿಗೆ ಕರೆದೊಯ್ದು ಬಿಚ್ಚಿದ ಇಂಜಿನ್ನು ತೋರಿಸಿದ ದಿನ ನಾವಿಬ್ಬರು ಹುಡುಗಿಯರು ಲೇಡೀಸ್ ರೂಮಿನಲ್ಲಿ ಕೂತಿದ್ದೆವು. "ಸೀರೆ ಬೆಲ್ಟಿಗೆ ಸಿಕ್ಕೊಂಡ್ರೆ ಯಾರಮ್ಮ ಜವಾಬ್ದಾರಿ?" ಎಂದಿದ್ದರು ಮೇಷ್ಟ್ರು. ಹೊಟ್ಟೆ ಉರಿಯಿತು. ಆ ಉರಿಯಲ್ಲೇ ಒಂದು ಗಿರಣಿ ನಡೆಸಬಹುದಿತ್ತು.

ದಿನವೂ ಹೊಳೆನರಸೀಪುರದಿಂದ ರೈಲಿನಲ್ಲೇ ಬರುತ್ತಿದ್ದೆನಲ್ಲ, ಹೆಂಗಸರ ಡಬ್ಬಿ ಮಾತ್ರ ಹಿಂದುಗಡೆ. ಇಂಜಿನ್ನಿನಿಂದ ನನಗೆ ದಕ್ಕಿದ್ದು ಕಣ್ಣಿಗೆ ಬೀಳುವ ಕಲ್ಲಿದ್ದಲ ಪುಡಿ.

ಆಮೇಲೆ ಅರಕಲಗೂಡಿನಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ಹಿಟ್ಟಿನ ಗಿರಣಿ ಇಟ್ಟವರು. ಗಂಡಿನ ತಾಯಿ, "ಏನಾರ ಕೇಳಾದಿದ್ರೆ ಕೇಳವ್ವ, ನಾಚ್ಕಬ್ಯಾಡ" ಎಂದರು. ಹಾಗೆ ಹೇಳುವುದು ಅವರ ಮರ್ಯಾದೆ. ತಲೆ ತಗ್ಗಿಸಿ ಸುಮ್ಮನಿರುವುದು ನಮ್ಮದು. ನಾನು ಕೇಳಿಯೇಬಿಟ್ಟೆ: "ನಿಮ್ಮ ಗಿರಣಿ ಇಂಜಿನ್ನು ಡೀಸೆಲ್ದಾ?"

ಉಪ್ಪಿಟ್ಟು ತಿನ್ನುತ್ತಿದ್ದ ಅಪ್ಪನಿಗೆ ನೆತ್ತಿಗೇರಿತು. ಗಂಡು ಮಾತ್ರ ಮೊದಲ ಸಲ ನನ್ನತ್ತ ನೋಡಿ, "ಊಂ ಕಣ್ರೀ. ಬಿಚ್ಚಿದಾಗ ತೋರಿಸ್ತೀನಿ" ಎಂದರು. ಅಷ್ಟಕ್ಕೇ ಒಪ್ಪಿಬಿಟ್ಟೆ. ಅವರ ಮುಖ ಹೇಗಿದೆಯೆಂದು ಸರಿಯಾಗಿ ನೋಡಿದ್ದು ಮದುವೆಯಾದ ಮೇಲೆ.

ಅಕ್ಕಿಸೇರು ಒದ್ದು ಮನೆ ತುಂಬಿದ ಮರುದಿನವೇ ಗಿರಣಿಗೆ ಹೋದೆ. ಮಾತುಕತೆ ಮುಗಿದು ಮದುವೆಯಾಗುವಷ್ಟರಲ್ಲಿ ಗಿರಣಿಗೆ ಕರೆಂಟು ಬಂದಿತ್ತು. ಮಾವನವರು ಇಂಜಿನ್ನನ್ನು ಚನ್ನರಾಯಪಟ್ಟಣದ ಕಡೆಯವರಿಗೆ ಮಾರಿ, ಮೋಟಾರು ಕೂರಿಸಿದ್ದರು. ನನ್ನ ಗಂಡ ನೆಲ ನೋಡುತ್ತ ನಿಂತರು.

"ಅಪ್ಪಯ್ಯ ಮಾರ್ಬುಟ್ರು. ಯೋಳಿದ್ರೆ ಎಲ್ಲಿ ನೀನು ನನ್ನ ಒಲ್ಲೆ ಅಂದ್ಬುಡ್ತೀಯೋ ಅಂತ ಸುಮ್ಕಿದ್ದೆ ಕಣೇ."

ಅಳು ಬಂದಿತ್ತು, ಅಲ್ಲೇ ನಿಂತಿತು. ನಾನು ಇಂಜಿನ್ನನ್ನು ಬಯಸಿದಷ್ಟೇ ನನ್ನನ್ನು ಬಯಸಿದವರೊಬ್ಬರು ಎದುರಿಗಿದ್ದರು.

ಆ ಒಳಗನ್ನು ನಾನು ಇವತ್ತಿಗೂ ನೋಡಿಲ್ಲ. ದೂರದಲ್ಲಿ ಯಾರದ್ದೋ ಹೊಲದ ಡೀಸೆಲ್ ಪಂಪು ಡುಗುಡುಗು ಎಂದರೆ ಒಲೆಯ ಮುಂದೆ ಹಾಗೇ ನಿಂತುಬಿಡುತ್ತೇನೆ. ಅದು ನಿಲ್ಲುವ ತನಕ ಅವರು ನನ್ನನ್ನು ಕರೆಯುವುದಿಲ್ಲ.