ಹಸಿರು ಚುಕ್ಕಿಯನ್ನು ನಂಬದ ಕಹಕಶಾ

ಹಗರಿಬೊಮ್ಮನಹಳ್ಳಿಯ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗೊಬ್ಬರದಂಗಡಿಯ ಮೇಲಿನ ಕೋಣೆಯ ಬೀಗ ತೆಗೆದು, ಚಪ್ಪಲಿ ಹೊರಗೆ ಬಿಟ್ಟು, ಕಹಕಶಾ ಒಳಗೆ ಬರುತ್ತಾರೆ. ಕಂಪ್ಯೂಟರಿನ ಪರದೆಯ ಮೇಲೆ ಐದು ಊರುಗಳ ಹೆಸರು, ಪ್ರತಿ ಹೆಸರಿನ ಮುಂದೆ ಒಂದು ಚುಕ್ಕಿ. ಕೂಡ್ಲಿಗಿಯದು ಬೂದು, ಉಳಿದವೆಲ್ಲ ಹಸಿರು. ಹಸಿರೆಂದರೆ ಆ ಊರಿನ ಸರ್ವರ್ ನೆಟ್ಟಗಿದೆ ಎಂದು ಲೆಕ್ಕ. ಬೇರೆ ಯಾರಾದರೂ ಆಗಿದ್ದರೆ ಚಹಾ ತರಿಸಿಕೊಂಡು ಕೂರುತ್ತಿದ್ದರು. ಕಹಕಶಾ ಹಡಗಲಿ ಕೇಂದ್ರಕ್ಕೆ ಫೋನ್ ಹಚ್ಚುತ್ತಾರೆ.

"ಪಾಲಾಕ್ಷಣ್ಣ, ಒಂದೀಟು ವೈರ್ ಕೀಳ್ರಿ."

"ಎಲ್ಲಾ ಚಲೋ ಐತಲ್ಲವಾ, ದಿನಾ ಯಾಕ ಕೀಳಸ್ತಿ?"

"ಚಲೋ ಐತಿ ಅಂತ ತೋರ್ಸಾಕತ್ತೈತಿ. ಅದಕ್ಕ ಕೀಳ್ರಿ ಅಂದೆ."

ಅತ್ತ ಪಾಲಾಕ್ಷ ಗೊಣಗುತ್ತ ಸರ್ವರಿನ ವೈರ್ ಕೀಳುತ್ತಾರೆ. ಇತ್ತ ಹಡಗಲಿಯ ಚುಕ್ಕಿ ಕೆಂಪಾಗುತ್ತದೆ, ಮೇಜಿನ ಮೇಲಿನ ಮೊಬೈಲ್ ಬಾಯಿ ಬಡಿದುಕೊಳ್ಳುತ್ತದೆ. ಕಹಕಶಾ ಮುಖದಲ್ಲಿ ಆಗ ಸಮಾಧಾನ. ಆಮೇಲೆ ಕೊಟ್ಟೂರು, ಆಮೇಲೆ ಹರಪನಹಳ್ಳಿ, ಕೊನೆಗೆ ತಮ್ಮದೇ ಊರಿನದು.

"ಹಸಿರು ಕಂಡ್ರ ನಂಗ ಅಂಜಿಕಿ ಬರ್ತೈತ್ರಿ," ಎನ್ನುತ್ತಾರೆ. "ಕೆಂಪಾಗಾಕ ಬರ್ತೈತೋ ಇಲ್ಲೋ, ಅದನ್ನ ಮೊದ್ಲು ನೋಡಬೇಕು."

ಜಾತಿ, ಆದಾಯ ಪ್ರಮಾಣಪತ್ರಗಳಿಗೆ ಅರ್ಜಿ ಪಡೆಯುವ ಸೇವಾ ಕೇಂದ್ರಗಳನ್ನು ಈ ಐದು ಊರುಗಳಲ್ಲಿ ಒಂದು ಖಾಸಗಿ ಕಂಪನಿ ಗುತ್ತಿಗೆ ಹಿಡಿದಿದೆ. ಕಿಟಕಿಯಲ್ಲಿ ಕೊಟ್ಟ ಅರ್ಜಿ ಅಲ್ಲಿನ ಸರ್ವರಿಗೆ ಇಳಿದು, ಅಲ್ಲಿಂದ ಮೇಲಿನ ಕಚೇರಿಗೆ ಹೋಗಬೇಕು. ಐದೂ ಸರ್ವರುಗಳ ಮೇಲೆ ಕಣ್ಣಿಡುವ ಕೆಲಸ ಕಹಕಶಾ ಅವರದು. ಎಲ್ಲಿ ಏನು ನಿಂತರೂ ನಿಗಾ ವ್ಯವಸ್ಥೆ ಅವರ ಮೊಬೈಲಿಗೆ ಕೂಗಿ ಹೇಳಬೇಕು. ಅಪ್ಪ ದಾವಲ್ ಸಾಬ್ ಬಸ್ ಸ್ಟ್ಯಾಂಡ್ ಹಿಂದೆ ಸ್ಕೂಟರ್ ರಿಪೇರಿ ಮಾಡುವವರು. ಪಿಯುಸಿ ಮುಗಿಸಿದ ಮಗಳನ್ನು ನೆಂಟರಿಷ್ಟರ ಮಾತಿಗೆ ಸೊಪ್ಪು ಹಾಕದೆ ಕಂಪ್ಯೂಟರ್ ಕ್ಲಾಸಿಗೆ ಕಳಿಸಿದವರು. "ನಿಂತ ಗಾಡಿ ಯಾರರ ತಳ್ಕೊಂಡು ಬರ್ತಾರ ಬೇಟಾ, ಓಡಾಕತ್ತಿದ್ದ ಗಾಡೀದು ದನಿ ಕೇಳೋದು ಕಲಿ," ಎಂದು ಅವರು ಹೇಳಿದ ಮಾತನ್ನು ಮಗಳು ಇಂದಿಗೂ ಹೇಳುತ್ತಾರೆ.

ಕಳೆದ ವರ್ಷ, 2008ರ ಬೇಸಿಗೆಯಲ್ಲಿ, ಹಳೆಯ ನಿಗಾ ಯಂತ್ರ ಬಿಸಿಲಿಗೆ ಸತ್ತಿತು. ಕಂಪನಿ ಒಬ್ಬ ಎಂಜಿನಿಯರನ್ನು ಕಳಿಸಿತು. ಆತ ಹೊಸ ಯಂತ್ರ ಕೂರಿಸಿ, ಎಲ್ಲವನ್ನೂ ಮತ್ತೆ ಕಟ್ಟಿ, ಸಂಜೆಯ ಬಸ್ಸಿಗೆ ಹೋದ. ಒಳಗೆ ಏನೇನು ಬದಲಾಗಿದೆ ಎಂದು ಒಂದು ಮಾತು ಹೇಳಲಿಲ್ಲ. ಇಡೀ ದಿನ ಅದರ ಮುಂದೆ ಕೂರುವ ಹೆಣ್ಣುಮಗಳಿಗೆ ಹೇಳಬೇಕೆಂದು ಯಾರಿಗಾದರೂ ಅನ್ನಿಸಿದ್ದರಲ್ಲವೇ!

ಅದೇ ವರ್ಷದ ಆಯುಧಪೂಜೆ ಬಂತು. ಈ ಸೀಮೆಯಲ್ಲಿ ಅಂದು ದುಡಿಯುವ ವಸ್ತುವಿಗೆಲ್ಲ ರಜೆ. ದಾವಲ್ ಸಾಬರ ಪಾನಾಗಳಿಗೂ ಚೆಂಡುಹೂ ಬೀಳುತ್ತದೆ, ಕೇಂದ್ರಗಳ ಸರ್ವರುಗಳೂ ಆರಿ, ಧೂಳು ಒರೆಸಿಕೊಂಡು, ಕುಂಕುಮ ಹಚ್ಚಿಸಿಕೊಂಡು ಕೂರುತ್ತವೆ. ಎಲ್ಲವೂ ಒಮ್ಮೆಗೇ ಆರಿದರೆ ಕಹಕಶಾರ ಮೊಬೈಲ್ ದಿನವಿಡೀ ಕೂಗುತ್ತದೆ. ಅದಕ್ಕೆ ಅವರು ಪ್ರತಿ ವರ್ಷ ಮಾಡಿಕೊಂಡು ಬಂದ ಉಪಾಯವೊಂದಿತ್ತು. ನಿಗಾ ಯಂತ್ರದೊಳಗೆ ಒಂದು ಖಾಲಿ ಫೈಲ್ ಇಡುವುದು. ಅದು ಕಂಡರೆ ಪ್ರೋಗ್ರಾಂ ಸುಮ್ಮನಿರುತ್ತದೆ, ಮರುದಿನ ತಾನೇ ಅದನ್ನು ಅಳಿಸಿ ಕೆಲಸಕ್ಕಿಳಿಯುತ್ತದೆ.

ಆದರೆ ಹೊಸ ಯಂತ್ರದಲ್ಲಿ ಕಹಕಶಾ ಇಟ್ಟ ಫೈಲನ್ನು ಮುಟ್ಟುವ ಅನುಮತಿಯೇ ಪ್ರೋಗ್ರಾಮಿಗೆ ಇರಲಿಲ್ಲ. ಅಳಿಸಲು ಹೋಯಿತು, ಆಗಲಿಲ್ಲ. ಮತ್ತೆ ಹೋಯಿತು, ಮತ್ತೆ ಆಗಲಿಲ್ಲ. ಫೈಲ್ ಅಲ್ಲೇ ಇದ್ದುದರಿಂದ ನಿಗಾ ಮತ್ತೆ ಶುರುವಾಗಲೇ ಇಲ್ಲ. ಪರದೆ ಮಾತ್ರ ಪೂಜೆಯ ಹಿಂದಿನ ದಿನದ ಹಸಿರನ್ನೇ ತೋರಿಸುತ್ತ ನಿಂತಿತ್ತು.

ಅಷ್ಟರಲ್ಲಿ ಕೂಡ್ಲಿಗಿಯಲ್ಲಿ ಎಡವಟ್ಟಾಗಿತ್ತು. ಪೂಜೆ ಮುಗಿಸಿ ಸರ್ವರ್ ಹಚ್ಚಿದಾಗ ಅರ್ಜಿಗಳನ್ನು ಮುಂದೆ ಕಳಿಸುವ ಭಾಗ ಏಳಲೇ ಇಲ್ಲ. ಕಿಟಕಿಯಲ್ಲಿ ರಸೀದಿ ಬರುತ್ತಿತ್ತು, ಅರ್ಜಿ ಎಲ್ಲಿಗೂ ಹೋಗುತ್ತಿರಲಿಲ್ಲ. ಅಲ್ಲಿನ ಆಪರೇಟರ್ ಓಬಳೇಶ ಸುಮ್ಮನೆ ಕೂರಲಿಲ್ಲ. "ತಂಗೀ, ಒಂದೂ ಕಾಗದ ವಾಪಸ್ ಬರವಲ್ದು, ಏನೋ ಐತಿ ನೋಡು" ಎಂದು ದಿನಾ ಫೋನ್ ಮಾಡಿದರು.

"ಇಲ್ಲಿ ಹಸಿರು ಐತಿ ಅಣ್ಣ, ಕಚೇರ್ಯಾಗ ತಡ ಆಗಿರಬೇಕು ಅಂದೆ," ಎನ್ನುವಾಗ ಕಹಕಶಾ ತಲೆ ತಗ್ಗಿಸುತ್ತಾರೆ. "ಮನಷಾ ಹೇಳಿದ್ದ ಬಿಟ್ಟು ಚುಕ್ಕಿ ನಂಬಿದ್ನಿ ನೋಡ್ರಿ."

ಕೊನೆಗೆ ಅವರನ್ನು ಎಬ್ಬಿಸಿದ್ದು ಕೂಡ್ಲಿಗಿಯ ಕೂಲಿ ಹೆಂಗಸು ಗಾದೆಮ್ಮ. ಮಗಳನ್ನು ನರ್ಸಿಂಗ್‌ಗೆ ಸೇರಿಸಲು ಆದಾಯ ಪ್ರಮಾಣಪತ್ರಕ್ಕಾಗಿ ಅಲೆದೂ ಅಲೆದೂ ಸಾಕಾಗಿ, ಬಸ್ ಹತ್ತಿ ಬಂದು ಈ ಕೋಣೆಯ ಹೊಸ್ತಿಲಲ್ಲೇ ಕೂತರು. ಪರದೆ ತೋರಿಸಿ ಸಮಾಧಾನ ಹೇಳಹೋದ ಕಹಕಶಾಗೆ ಅವರು ಕೊಟ್ಟ ಉತ್ತರ: "ನಿನ್ನ ಹಸಿರು ನೀನ ಇಟ್ಗಳವಾ. ನನ್ನ ಮಗಳ ಕಾಗದ ಎಲ್ಲೈತಿ, ಅದನ್ನ ಹೇಳು."

ಆಗ ಕಹಕಶಾ ಯಂತ್ರದ ಒಳಹೊಕ್ಕು ನೋಡಿದರು. ಅನುಮತಿ ಇಲ್ಲ, ಅನುಮತಿ ಇಲ್ಲ ಎಂಬ ಒಂದೇ ದೂರು ಸಾಲುಗಟ್ಟಿ ಬಿದ್ದಿತ್ತು. ತಾವೇ ಇಟ್ಟಿದ್ದ ಫೈಲನ್ನು ಅಳಿಸಿದ್ದೇ ತಡ, ಕೂಡ್ಲಿಗಿ ಕೆಂಪಾಗಿ ಮೊಬೈಲ್ ಕಿರುಚಿತು. ಸಿಕ್ಕ ಬಸ್ಸಿಗೆ ಕೂಡ್ಲಿಗಿಗೆ ಓಡಿದರು. ಓಬಳೇಶರ ಜೊತೆ ಕೂತು ನಿಂತುಹೋಗಿದ್ದ ಅರ್ಜಿಗಳನ್ನೆಲ್ಲ ಮುಂದೆ ಕಳಿಸಿದರು. ಗಾದೆಮ್ಮನ ಮಗಳ ಕಾಗದವೂ ಬಂತು. ಅಷ್ಟರಲ್ಲಿ ಕಾಲೇಜಿನ ಗಡುವು ಮುಗಿದಿತ್ತು, ಹುಡುಗಿಯ ಒಂದು ವರ್ಷ ಹಾಳಾಯಿತು.

ಕಂಪನಿ ಏನು ಮಾಡಿತು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯಿತು. ಯಂತ್ರ ಕಟ್ಟಿದ್ದು ತಪ್ಪು ಎಂದು ಒಪ್ಪಿದರೆ ಗುತ್ತಿಗೆಗೇ ಸಂಚಕಾರ. ಓಬಳೇಶ ಸರ್ವರ್ ಆರಿಸಿಟ್ಟು ಮನೆಯಲ್ಲಿ ಕೂತಿದ್ದ ಎಂದು ವರದಿ ಬರೆದು, ಅವರನ್ನು ಕೆಲಸದಿಂದ ತೆಗೆದು, ಕೇಂದ್ರಕ್ಕೆ ಬೀಗ ಹಾಕಿತು. ದಿನಾ ಫೋನ್ ಮಾಡಿ ಎಚ್ಚರಿಸಿದ ಮನುಷ್ಯನೇ ನಿರ್ಲಕ್ಷ್ಯದವನಂತೆ! ನಾಚಿಕೆ ಎಂಬುದು ಅಲ್ಲಿ ಯಾರ ಬಳಿಯೂ ಇದ್ದಂತಿಲ್ಲ. ಆ ವರದಿಗೆ ಈಗ ಕಹಕಶಾರ ಒಂದು ಸಹಿ ಬೇಕಾಗಿದೆ. ಹಾಕಿದರೆ ಅವರ ಕೆಲಸ ಕಾಯಂ. ಹಾಕದಿದ್ದರೆ ಈ ಮುಂಗಾರಿನ ಕೊನೆಗೆ ಮನೆ ಹಾದಿ.

ಅವರು ಹಾಕಿಲ್ಲ.

"ಫೈಲ್ ಇಟ್ಟಾಕಿ ನಾನ. ಓಬಳೇಶಣ್ಣ ಹೇಳಿದಾಗ ನಂಬಲಾರದಾಕೀನೂ ನಾನ. ಅದನ್ನ ಬರೀರಿ, ಸಹಿ ಹಾಕ್ತೀನಿ ಅಂದ್ನಿ. ಮಶೀನ್ ಹೆಂಗ ಕಟ್ಟಿದ್ರಿ, ಅದನ್ನೂ ಬರೀರಿ ಅಂದ್ನಿ. ಒಲ್ಲೆ ಅಂತಾರ," ಎನ್ನುತ್ತಾರೆ ಕಹಕಶಾ. ಮೆಲುದನಿಯ ಹೆಣ್ಣುಮಗಳ ಸ್ವರ ಈಗ ಏರಿದೆ. "ಚುಕ್ಕಿ ಸುಳ್ಳು ಹೇಳ್ತು, ಅದಕ್ಕ ಜೀವ ಇಲ್ಲ. ನಾನೂ ಹೇಳಿದ್ರ ಕೂಡ್ಲಿಗಿ ಕಿಟಕ್ಯಾಗ ನಿಂತೋರು ಯಾರ್ನ ಕೇಳಬೇಕ್ರಿ?"

ಕೆಲಸ ಹೋದರೆ ಗ್ಯಾರೇಜಿನಲ್ಲಿ ಕುರ್ಚಿ ಇದೆ ಎಂದು ದಾವಲ್ ಸಾಬ್ ಹೇಳಿದ್ದಾರೆ. ಓಬಳೇಶ ಇಟ್ಟಿಗೆ ಭಟ್ಟಿಗೆ ಹೋಗುತ್ತಿದ್ದಾರೆ. ಕೂಡ್ಲಿಗಿಯವರು ಒಂದು ಕಾಗದಕ್ಕೆ ದಿನದ ಕೂಲಿ ಬಿಟ್ಟು ಇಲ್ಲಿಯವರೆಗೆ ಬರುತ್ತಿದ್ದಾರೆ. ಮೊನ್ನೆ ಗಾದೆಮ್ಮ ಈ ವರ್ಷದ ಸೇರ್ಪಡೆಗೆಂದು ಮಗಳ ಹೊಸ ಅರ್ಜಿ ಹಿಡಿದು ಮತ್ತೆ ಬಂದಿದ್ದರು. ಅದು ಮೇಲಿನ ಕಚೇರಿ ಮುಟ್ಟಿತೆಂದು ಫೋನಿನಲ್ಲಿ ಕೇಳಿ ಖಾತ್ರಿ ಮಾಡಿಕೊಂಡ ಮೇಲೆಯೇ ಕಹಕಶಾ ಅವರನ್ನು ಕಳಿಸಿಕೊಟ್ಟರು.

ಹೊರಗೆ ಬೆಳಕಾಗಿದೆ. ಪರದೆಯ ಮೇಲೆ ಬೀಗ ಬಿದ್ದ ಕೂಡ್ಲಿಗಿಯ ಚುಕ್ಕಿ ಇನ್ನೂ ಬೂದು ಬಣ್ಣದಲ್ಲೇ ಇದೆ. ಅದು ಬೇಗ ಹಸಿರಾಗಲಿ ಎಂದರೆ ಕಹಕಶಾ ತಲೆಯಾಡಿಸುತ್ತಾರೆ.

"ಹಸಿರಲ್ರಿ, ಮೊದ್ಲು ಅದು ಕೆಂಪಾಗಬೇಕು. ಒಂದಿನ ಮುಂಜಾನಿ ಫೋನ್ ಹಚ್ಚಿ, 'ಓಬಳೇಶಣ್ಣ, ವೈರ್ ಕೀಳ್ರಿ' ಅನ್ಬೇಕ್ರಿ ನಾನು. ಅವರ ಕೀಳಬೇಕು."